ಎಂಟು ವರ್ಷದ ಆರಾಮ

ಲಿಂಗಸುಗೂರು
೮ ಜುಲೈ ೨೦೨೪

ಶ್ರೀ ಜಬೀವುಲ್ಲಾ ಅವರಿಗೆ ನಮಸ್ಕಾರ.

ನನ್ನ ಹೆಸರು ಯಶೋಧರಾ. ೨೦೧೬ರಲ್ಲಿ ಸಿಂಧನೂರಿನ ಗೊಬ್ಬರದ ಅಂಗಡಿಯ ಮೇಲಿನ ಕೋಣೆಗೆ ನೀವು ಹನ್ನೆರಡು ವಾರ ಬಂದಿದ್ದಿರಿ. ಬಹಳ ದಿನದ ಗಾಬರಿ ಇದ್ದವರಿಗೆ ಮಾತಿನಿಂದಲೇ ಚಿಕಿತ್ಸೆ ಕೊಡುವ ಎರಡು ಬಗೆಗಳನ್ನು ಅಲ್ಲಿ ಹೋಲಿಸಿ ನೋಡುತ್ತಿದ್ದರು. ನೀಲಿ ಚೀಟಿ ಎತ್ತಿದವರಿಗೆ ನೋಟ್‌ಬುಕ್ ಕೊಟ್ಟು ಅಭ್ಯಾಸ ಮಾಡಿಸುತ್ತಿದ್ದರು. ಹೆದರಿಕೆಯನ್ನು ಬರೆದುಕೊಳ್ಳುವುದು, ಹೆದರಿದ ಜಾಗಕ್ಕೆ ಬೇಕೆಂದೇ ಹೋಗಿ ನಿಲ್ಲುವುದು, ಹೀಗೆ. ಬಿಳಿ ಚೀಟಿಯವರು ವಾರಕ್ಕೊಂದು ತಾಸು ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳುತ್ತಿದ್ದರು, ಎದುರಿಗಿದ್ದವರು ಕೇಳುತ್ತಿದ್ದರು. ನಿಮಗೆ ಬಂದದ್ದು ನೀಲಿ.

ಎಂಟು ವರ್ಷದ ಮೇಲೆ ಯಾವುದರ ಗುಣ ಎಷ್ಟು ಉಳಿದಿದೆ ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಜೊತೆಗೆ ಹದಿನಾರು ಪ್ರಶ್ನೆಗಳ ಫಾರ್ಮ್ ಇದೆ. ‘ಇಲ್ಲವೇ ಇಲ್ಲ’ ಎಂದರೆ ಸೊನ್ನೆ, ‘ದಿನಾಲೂ’ ಎಂದರೆ ಮೂರು. ತುಂಬಿ, ಸ್ಟಾಂಪ್ ಹಚ್ಚಿದ ಕವರಿನಲ್ಲಿ ಕಳಿಸಿ. ಮನೆಯವರಿಗೆ ತಿಳಿಯಬಾರದೆಂದು ಕವರಿನ ಮೇಲೆ ಕಚೇರಿಯ ಹೆಸರು ಹಾಕಿಲ್ಲ.

ಯಶೋಧರಾ

ಮಸ್ಕಿ
೨೨ ಜುಲೈ ೨೦೨೪

ಮೇಡಂ ಅವರಿಗೆ ಸಲಾಮ್.

ನಾನು ಇಲ್ಲಿ ಆರಾಮ ಇದ್ದೇನೆ. ತಾವೂ ಅಲ್ಲಿ ಆರಾಮ ಇದ್ದೀರೆಂದು ತಿಳಿದಿದ್ದೇನೆ.

ನಿಮ್ಮ ಕಾಗದ ಮುಟ್ಟಿತು. ಮುಟ್ಟಬಾರದಾಗಿತ್ತು. ಕಚೇರಿಯ ಹೆಸರಿಲ್ಲದ ಕವರ್ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ನಿಮ್ಮ ತಿಳಿವಳಿಕೆ. ಹೆಸರಿಲ್ಲದ್ದಕ್ಕೇ ನಮ್ಮ ಮನೆಯವರು, ಅತೀಯಾ, ಅದನ್ನು ನಾಲ್ಕು ಸಲ ಹೊರಳಿಸಿ ನೋಡಿ, ‘ಯಾರು ಕಳಿಸ್ಯಾರ ಇದನ್ನ? ಕೋರ್ಟಿಂದೇನು?’ ಎಂದು ಕೇಳಿದಳು. ವಿಮೆಯದು ಎಂದು ಸುಳ್ಳು ಹೇಳಿದೆ.

ಈಗ ನಾನು ಕೇಳುತ್ತೇನೆ. ಆ ಜಬೀವುಲ್ಲಾ ನಾನೇ ಎಂದು ನಿಮಗೆ ಯಾರು ಹೇಳಿದರು? ಮಸ್ಕಿಯಲ್ಲಿ ಈ ಹೆಸರಿನವರು ಮೂವರಿದ್ದೆವು. ಒಬ್ಬ ಬಳೆ ಮಾರುತ್ತಾನೆ, ಒಬ್ಬ ತೀರಿಕೊಂಡ. ಎಂಟು ವರ್ಷ ಸುಮ್ಮನಿದ್ದು ಈಗ ಯಾಕೆ ನೆನಪಾಯಿತು? ಹೋದ ತಿಂಗಳು ನಮ್ಮ ಡಿಪೋದಲ್ಲಿ ಡ್ರೈವರುಗಳ ಕಣ್ಣು, ಬಿ.ಪಿ. ಎಲ್ಲ ತಪಾಸಣೆ ಮಾಡಿ ಇಬ್ಬರನ್ನು ಸ್ಟೇರಿಂಗಿನಿಂದ ಇಳಿಸಿ ಲೈಟ್ ಡ್ಯೂಟಿಗೆ ಹಾಕಿದರು. ಇಪ್ಪತ್ತು ವರ್ಷ ಬಸ್ಸು ಓಡಿಸಿದವನು ಗೇಟಿನಲ್ಲಿ ಕುಳಿತು, ಬಂದ ಬಸ್ಸಿನ ನಂಬರ್ ಬರೆದುಕೊಳ್ಳುವುದಕ್ಕೆ ಲೈಟ್ ಡ್ಯೂಟಿ ಎನ್ನುತ್ತಾರೆ. ಅದಾಗಿ ಮೂರು ವಾರಕ್ಕೆ ನಿಮ್ಮ ಕಾಗದ ಬಂತು. ನಾನು ದಿನಾ ಲಿಂಗಸುಗೂರಿನಿಂದ ಮಸ್ಕಿ ಮೇಲೆ ಸಿಂಧನೂರಿಗೆ ಬಸ್ಸು ಒಯ್ಯುವವನು. ಇಷ್ಟು ಗೊತ್ತಾಗದ ದಡ್ಡನಲ್ಲ.

ನೀವು ನಿಜವಾಗಿಯೂ ಆ ಕೋಣೆಯವರೇ ಆಗಿದ್ದರೆ, ಮೊದಲನೇ ದಿನ ನಾನು ಅಲ್ಲಿ ಏನು ಹೇಳಿದ್ದೆ ಎಂದು ಬರೆಯಿರಿ. ಮನೆಗೆ ಬರೆಯಬೇಡಿ. ಬಸ್ ನಿಲ್ದಾಣದ ಎದುರಿನ ಜಂಗ್ಲಿಸಾಬರ ಗಡಿಯಾರ ರಿಪೇರಿ ಅಂಗಡಿಗೆ ಬರೆಯಿರಿ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಅದಕ್ಕೇ ಆ ಅಂಗಡಿ.

ಜಬೀವುಲ್ಲಾ

ಲಿಂಗಸುಗೂರು
೨ ಆಗಸ್ಟ್ ೨೦೨೪

ಜಬೀವುಲ್ಲಾ ಅವರಿಗೆ ನಮಸ್ಕಾರ.

ಮೊದಲನೇ ದಿನ ನೀವು ಏನು ಹೇಳಿದಿರೋ ನನಗೆ ಗೊತ್ತಿಲ್ಲ. ಆಗ ನಾನು ಇನ್ನೂ ಕಾಲೇಜಿನಲ್ಲಿದ್ದೆ. ಆ ಮಾತುಗಳೆಲ್ಲ ಬೀಗದೊಳಗಿವೆ, ಕೀಲಿ ನನ್ನ ಹತ್ತಿರ ಇಲ್ಲ. ನನ್ನ ಮುಂದಿರುವುದು ಅಂಕಿ ಮಾತ್ರ, ಅದರಲ್ಲಿ ನಿಮ್ಮ ನಂಬರ್ ನಲವತ್ತೇಳು. ವಿಳಾಸದ ಪಟ್ಟಿ ಬೇರೆ ಪೆಟ್ಟಿಗೆಯಲ್ಲಿರುತ್ತದೆ, ಕಾಗದ ಹಾಕುವ ದಿನ ತೆಗೆದು ಮತ್ತೆ ಇಡುತ್ತೇವೆ. ನೀವು ಹೇಳಿದ್ದನ್ನು ನಾನು ಬರೆದು ಕಳಿಸಿದ್ದರೆ ಆಗ ನೀವು ನನ್ನ ಮೇಲೆ ಅನುಮಾನ ಪಡಬೇಕಾಗಿತ್ತು.

ಡಿಪೋಗೂ ನಮಗೂ ಸಂಬಂಧವಿಲ್ಲ. ಇದಕ್ಕೆ ನನ್ನ ಮಾತಿನ ಹೊರತು ಬೇರೆ ಪುರಾವೆ ಕೊಡಲಾರೆ. ಫಾರ್ಮ್ ತುಂಬಲೇಬೇಕೆಂಬ ಒತ್ತಾಯವೂ ಇಲ್ಲ.

ಯಶೋಧರಾ

ಮಸ್ಕಿ
೩೦ ಆಗಸ್ಟ್ ೨೦೨೪

ಮೇಡಂ ಅವರಿಗೆ ಸಲಾಮ್.

ನಾನು ಆರಾಮ. ತಾವೂ ಆರಾಮ ಎಂದು ತಿಳಿದಿದ್ದೇನೆ.

ಫಾರ್ಮ್ ತುಂಬಿ ಇಟ್ಟಿದ್ದೇನೆ. ಹದಿನಾರಕ್ಕೆ ಹದಿನಾರೂ ಸೊನ್ನೆ. ನಿಮ್ಮ ಕೆಲಸ ಮುಗಿಯಿತು, ನನ್ನದೂ ಮುಗಿಯಿತು.

ಇನ್ನೊಂದು ಮಾತು. ಕಳೆದ ಹತ್ತು ದಿನದಿಂದ ಒಬ್ಬ ಹೆಣ್ಣುಮಗಳು ಮಸ್ಕಿಯಲ್ಲಿ ಹತ್ತಿ, ನನ್ನ ಹಿಂದಿನ ಸೀಟಿನಲ್ಲೇ ಕುಳಿತು, ಸಿಂಧನೂರಿನ ತನಕ ಏನೋ ಬರೆಯುತ್ತಿದ್ದಾಳೆ. ನಾನು ಕನ್ನಡಿಯಲ್ಲಿ ನೋಡಿದರೆ ಬರೆಯುವುದನ್ನು ನಿಲ್ಲಿಸುತ್ತಾಳೆ. ಕೆಂಪು ಪೆನ್ನು. ನನ್ನ ಕೈ ನಡುಗುತ್ತದೋ ಇಲ್ಲವೋ ನೋಡಬೇಕೆಂದಿದ್ದರೆ ಎದುರಿಗೇ ಬಂದು ನೋಡಿ ಮೇಡಂ. ಹಿಂದೆ ಕುಳಿತು ನೋಡುವುದು ಮರ್ಯಾದಸ್ಥರ ಲಕ್ಷಣವಲ್ಲ.

ಜಬೀವುಲ್ಲಾ

ಲಿಂಗಸುಗೂರು
೧೨ ಸೆಪ್ಟೆಂಬರ್ ೨೦೨೪

ಜಬೀವುಲ್ಲಾ ಅವರಿಗೆ ನಮಸ್ಕಾರ. ನಾನೂ ಆರಾಮ ಇದ್ದೇನೆ.

ಆ ಹೆಣ್ಣುಮಗಳು ನಾನಲ್ಲ. ನಮ್ಮ ಊರು ಮುದಗಲ್. ನಾನು ಆ ಕಡೆಯ ಬಸ್ಸಿನಲ್ಲಿ ಬಂದು ಆ ಕಡೆಯ ಬಸ್ಸಿನಲ್ಲೇ ಹೋಗುತ್ತೇನೆ. ಕೆಂಪು ಪೆನ್ನು ಎಂದರೆ ಯಾವುದೋ ಸಾಲಿಯ ಟೀಚರ್ ಇರಬೇಕು, ಮಕ್ಕಳ ಪೇಪರ್ ತಿದ್ದುತ್ತಿರಬೇಕು. ನಿಮ್ಮ ಕನ್ನಡಿಯಲ್ಲಿ ನೀವು ಕಣ್ಣು ಬಿಟ್ಟರೆ ಯಾರಿಗಾದರೂ ಪೆನ್ನು ನಿಲ್ಲುತ್ತದೆ.

ಫಾರ್ಮ್ ಬಂತು. ನನಗೂ ಅನುಮಾನ ಬಂದಿದೆ, ಬಚ್ಚಿಡುವುದಿಲ್ಲ. ಒಂಬತ್ತನೆಯ ಪ್ರಶ್ನೆ ‘ಕಾರಣವಿಲ್ಲದೆ ಎದೆ ಡವಡವ ಎನ್ನುವುದು’. ಅಲ್ಲಿ ನೀವು ಮೊದಲು ಬೇರೊಂದು ಅಂಕಿ ಬರೆದು, ಕಾಗದ ಹರಿಯುವ ಹಾಗೆ ಒತ್ತಿ ಹೊಡೆದು, ಮೇಲೆ ಸೊನ್ನೆ ಹಾಕಿದ್ದೀರಿ. ಬೆಳಕಿಗೆ ಹಿಡಿದರೆ ಅದು ಮೂರರ ಹಾಗೆ ಕಾಣುತ್ತದೆ.

ಇದಕ್ಕೂ ಮೊದಲು ನಿಮ್ಮ ನಂಬರಿನಲ್ಲಿ ಮೂರು ಫಾರ್ಮುಗಳಿವೆ. ೧೭ ನವೆಂಬರ್ ೨೦೧೭, ೨೮ ಏಪ್ರಿಲ್ ೨೦೧೯, ೯ ಜೂನ್ ೨೦೨೧. ಮೂರರಲ್ಲೂ ಬರೀ ಸೊನ್ನೆ, ಮೂರರಲ್ಲೂ ನಿಮ್ಮ ಸಹಿ ಇಲ್ಲ. ಸ್ಥಳ ಎಂಬಲ್ಲಿ ‘ಬಸ್ಸಿನಲ್ಲಿ’ ಎಂದಿದೆ. ೨೦೨೧ರ ಜೂನ್ ಒಂಬತ್ತಕ್ಕೆ ಲಾಕ್‌ಡೌನ್. ಆ ವಾರ ಬಸ್ಸುಗಳೇ ಓಡುತ್ತಿರಲಿಲ್ಲ.

ಆ ಮೂರು ದಿನ ನಿಮ್ಮನ್ನು ಕೂರಿಸಿಕೊಂಡು ಯಾರಾದರೂ ಹದಿನಾರು ಪ್ರಶ್ನೆ ಕೇಳಿದ್ದರೇ? ನೆನಪು ಮಾಡಿಕೊಂಡು ಬರೆಯಿರಿ.

ಯಶೋಧರಾ

ಮಸ್ಕಿ
೨೦ ನವೆಂಬರ್ ೨೦೨೪

ಮೇಡಂ,

ಆರಾಮ ಇದ್ದೇನೆ. ನಿಮ್ಮ ಕೃಪೆಯಿಂದ ಮನೆಯಲ್ಲಿ ಆರಾಮ ಇಲ್ಲ.

ಎರಡು ತಿಂಗಳು ಯಾಕೆ ಬರೆಯಲಿಲ್ಲ ಎಂದರೆ, ನಿಮ್ಮ ಕಾಗದ ನನ್ನ ಖಾಕಿ ಅಂಗಿಯ ಕಿಸೆಯಲ್ಲಿ ಉಳಿದಿತ್ತು. ಒಗೆಯಲು ತೆಗೆದುಕೊಂಡ ಅತೀಯಾ ಕೆಳಗಿನ ಹೆಸರು ಒಂದನ್ನೇ ಓದಿದಳು. ಯಶೋಧರಾ. ಮುಂದೆ ಓದುವ ಅವಶ್ಯಕತೆ ಅವಳಿಗೆ ಬೀಳಲಿಲ್ಲ. ಬಟ್ಟೆ ಬಕೆಟ್ಟಿನಲ್ಲೇ ಬಿಟ್ಟು, ಕವರಿನ ಮೇಲಿನ ವಿಳಾಸ ಹಿಡಿದು ಜಂಗ್ಲಿಸಾಬರ ಅಂಗಡಿಗೆ ಹೋಗಿ ವಿಚಾರಿಸಿದಳು. ಆ ಮನುಷ್ಯ, ‘ಹೌದವ್ವ, ತಿಂಗಳಿಗೊಂದು ಕಾಗದ ಬರ್ತದ, ಚಂದ ಅಕ್ಷರ’ ಎಂದು ಹೇಳಿದನಂತೆ. ಕನ್ನಡ ಓದಲು ಬರದವನಿಗೆ ಅಕ್ಷರದ ಚಂದ ಹೇಗೆ ತಿಳಿಯಿತೋ!

ಎಂಟು ದಿನ ತವರಿನಲ್ಲಿ ಕುಳಿತಳು. ಕಡೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಕೋಣೆ, ನೋಟ್‌ಬುಕ್, ನೀಲಿ ಚೀಟಿ, ಆಗ ಸಿಂಧನೂರಿಗೆ ಹಲ್ಲು ತೋರಿಸಲು ಹೋಗುತ್ತೇನೆಂದು ಹನ್ನೆರಡು ವಾರ ಹೇಳಿದ್ದು. ಅವಳು ನಮ್ಮ ಮನೆಮಾತಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: ‘ಹೆಂಗಸು ಇದ್ದಿದ್ರ ಛಲೋ ಇತ್ತು. ಅಕಿ ಮನಿಗೆ ಹೋಗಿ ಜಗಳ ಮಾಡ್ತಿದ್ದೆ. ಇದರ ಕೂಡ ನಾ ಹೆಂಗ ಜಗಳ ಮಾಡ್ಲಿ?’

ಈಗ ನಿಮ್ಮ ಮೂರು ತಾರೀಕು. ಮೂರೂ ನೆನಪಿವೆ. ೨೦೧೭ರಲ್ಲಿ ಹುಲಿಗೇಶ ಸರ್ ಮಸ್ಕಿಯಲ್ಲಿ ಬಸ್ಸು ಹತ್ತಿದರು. ಹನ್ನೆರಡು ವಾರ ನನಗೆ ಅಭ್ಯಾಸ ಮಾಡಿಸಿದವರು ಅವರೇ. ‘ಏನ್ ಜಬೀವುಲ್ಲಾ, ಆರಾಮೇನು?’ ಎಂದರು. ‘ಆರಾಮರೀ ಸರ’ ಎಂದೆ. ೨೦೧೯ರಲ್ಲಿ ನಮ್ಮ ಕಂಡಕ್ಟರ್ ಯಂಕೋಬನ ಮಗಳ ಮದುವೆ, ತುರ್ವಿಹಾಳದಲ್ಲಿ. ಊಟದ ಸಾಲಿನಲ್ಲಿ ಎದುರಿಗೆ ಕುಳಿತಿದ್ದರು. ‘ಆರಾಮೇನು?’ ಬಾಯಲ್ಲಿ ಹೋಳಿಗೆ ಇತ್ತು, ತಲೆ ಆಡಿಸಿದೆ. ೨೦೨೧ರಲ್ಲಿ ಲಸಿಕೆಯ ಸಾಲು. ಅವರಿಗೂ ಮಾಸ್ಕ್, ನನಗೂ ಮಾಸ್ಕ್. ದೂರದಿಂದ ಕೈ ಎತ್ತಿ ಕೇಳಿದರು, ನಾನೂ ಕೈ ಎತ್ತಿದೆ. ಬಸ್ಸು ಎಂದು ರೂಢಿಯಿಂದ ಬರೆದಿರಬೇಕು.

ಹದಿನಾರು ಪ್ರಶ್ನೆ ಯಾರೂ ಕೇಳಲಿಲ್ಲ. ಆದರೆ ಇಷ್ಟು ಓದಿ ಖುಷಿಪಡಬೇಡಿ. ನನಗೆ ಈಗ ಗೊತ್ತಾಯಿತು, ನೀವು ಬಿದ್ದಿರುವುದು ನನ್ನ ಹಿಂದೆ ಅಲ್ಲ, ಹುಲಿಗೇಶ ಸರ್ ಹಿಂದೆ. ಅವರ ಮೇಲೆ ಬೊಟ್ಟು ಮಾಡಲು ನನ್ನ ಕೈ ಬೇಕಾಗಿದೆ ನಿಮಗೆ. ಅವರು ನನ್ನ ಜೀವ ಉಳಿಸಿದವರು. ನಾನು ಆರಾಮ ಇದ್ದೇನೆ, ಬರೆದುಕೊಳ್ಳಿ.

ಜಬೀವುಲ್ಲಾ

ಲಿಂಗಸುಗೂರು
೨೯ ನವೆಂಬರ್ ೨೦೨೪

ಜಬೀವುಲ್ಲಾ ಅಣ್ಣನವರಿಗೆ,

ನಿಮ್ಮ ಮನೆಯಲ್ಲಿ ನನ್ನಿಂದ ಆದ ನೋವಿಗೆ ಕ್ಷಮೆ ಕೇಳುತ್ತೇನೆ. ಅತೀಯಾ ಅಕ್ಕನವರಿಗೆ ಈ ಕಾಗದ ತೋರಿಸಿ.

ಹುಲಿಗೇಶ ಸರ್ ನನಗೂ ಗುರುಗಳು. ಈ ಕೆಲಸ ಕಲಿಸಿದ್ದು ಅವರು, ಕೊಡಿಸಿದ್ದೂ ಅವರು. ಇದನ್ನು ಮೊದಲೇ ಹೇಳಬೇಕಾಗಿತ್ತು. ಹೇಳಿದರೆ ನೀವು ಅವರ ಮುಖ ನೋಡಿ ಸೊನ್ನೆ ಬರೆಯುತ್ತೀರಿ ಎಂದು ಹೇಳಲಿಲ್ಲ. ಹೇಳದಿದ್ದರೂ ನೀವು ಅದನ್ನೇ ಬರೆದಿರಿ.

ಈಗ ಹೇಳುವುದು ನಿಯಮದಲ್ಲಿ ಇಲ್ಲ, ಆದರೂ ಹೇಳುತ್ತೇನೆ. ಈ ರಸ್ತೆಯ ಮೂರೂ ಊರಿನಲ್ಲಿ ನೀಲಿ ಚೀಟಿಯವರು ಮೂವತ್ತೊಂದು ಮಂದಿ. ಅದರಲ್ಲಿ ಹತ್ತೊಂಬತ್ತು ಮಂದಿಯ ಫಾರ್ಮು ನಿಮ್ಮ ಹಾಗೆಯೇ ಇದೆ. ಬರೀ ಸೊನ್ನೆ, ಸಹಿ ಇಲ್ಲ, ಸ್ಥಳ ಬಸ್ಸು, ಸಂತೆ, ಮದುವೆ. ಬಿಳಿ ಚೀಟಿಯವರನ್ನು ವಿಚಾರಿಸಿದ್ದು ಸೂಗಮ್ಮ ಎಂಬ ಕಾರ್ಯಕರ್ತೆ. ಆಕೆ ಒಂದೊಂದು ಮನೆಯಲ್ಲಿ ತಾಸುಗಟ್ಟಲೆ ಕುಳಿತು, ಚಹಾ ಕುಡಿದು, ಹದಿನಾರೂ ಪ್ರಶ್ನೆ ಬಿಡಿಸಿ ಬಿಡಿಸಿ ಕೇಳಿದ್ದಾರೆ. ಅವರಿಗೂ ಎಲ್ಲರೂ ಮೊದಲು ಹೇಳಿದ್ದು ‘ಆರಾಮ ಅದೀನ್ರಿ’ ಎಂದೇ. ಆಮೇಲೆ ಎರಡನೇ ಕಪ್ ಚಹಾಕ್ಕೆ ನಿಜ ಹೊರಗೆ ಬಂದಿದೆ. ಹಾಗಾಗಿ ಈಗ ಕಾಗದದ ಮೇಲೆ ಬಿಳಿಯವರು ರೋಗಿಗಳು, ನೀಲಿಯವರು ಗುಣವಾದವರು. ಇದು ಹೀಗೇ ಅಚ್ಚಾದರೆ ಕೇಳುವ ಬಗೆಯನ್ನು ಮುಚ್ಚುತ್ತಾರೆ, ನೋಟ್‌ಬುಕ್ಕಿನ ಬಗೆಯಲ್ಲಿ ಏನು ಕಡಿಮೆಯಿದೆ ಎಂದು ಯಾರೂ ಕೇಳುವುದಿಲ್ಲ.

ನಮ್ಮ ಕಡೆ ಆರಾಮ ಎನ್ನುವುದು ಉತ್ತರವಲ್ಲ ಅಣ್ಣ, ನಮಸ್ಕಾರಕ್ಕೆ ನಮಸ್ಕಾರ. ಅದನ್ನು ಸರ್ ಬರೆದುಕೊಂಡರು. ಬೇಕೆಂದೇ ಮಾಡಿದರೋ ಮರೆತು ಮಾಡಿದರೋ ನನಗೆ ಗೊತ್ತಿಲ್ಲ. ಗುರುವಿನ ಮೇಲೆ ಅನುಮಾನ ಪಡುವಾಗ ನನ್ನ ಮೇಲೂ ನನಗೆ ಅನುಮಾನ ಬರುತ್ತದೆ, ಹೆಸರು ಮಾಡುವ ಆಸೆಯೇನೋ ಎಂದು.

ಹಾಗಾಗಿ ಆರಾಮವೇ ಎಂದು ಕೇಳುವುದಿಲ್ಲ. ಡ್ಯೂಟಿ ಇದ್ದ ದಿನ ಎಷ್ಟು ಗಂಟೆಗೆ ಎಚ್ಚರವಾಗುತ್ತದೆ? ಬಸ್ಸು ತೆಗೆಯುವ ಮುಂಚೆ ಎಷ್ಟು ಸಲ ಬ್ರೇಕ್ ಒತ್ತಿ ನೋಡುತ್ತೀರಿ? ಇಷ್ಟೇ. ಉತ್ತರ ಬರೆಯದಿದ್ದರೆ ಇನ್ನು ತೊಂದರೆ ಕೊಡುವುದಿಲ್ಲ.

ಯಶೋಧರಾ

ಮಸ್ಕಿ
೧೫ ಡಿಸೆಂಬರ್ ೨೦೨೪

ತಂಗಿ ಯಶೋಧರಾಗೆ,

ಹನ್ನೊಂದು ಸಲ.

ಡಿಪೋದಲ್ಲಿ ಎಲ್ಲರೂ ಎರಡು ಸಲ ಒತ್ತುತ್ತಾರೆ, ನಾನು ಹನ್ನೊಂದು. ಎಣಿಸಿರಲಿಲ್ಲ, ನೀನು ಕೇಳಿದ ಮೇಲೆ ಎಣಿಸಿದೆ. ಆರೂವರೆಯ ಡ್ಯೂಟಿಗೆ ಮೂರು ಗಂಟೆಗೇ ಎಚ್ಚರ. ಬರಿ ಹೊಟ್ಟೆಯಲ್ಲೇ ಹೊರಡುತ್ತೇನೆ. ಚಹಾ ಸಹ ಸಿಂಧನೂರು ಮುಟ್ಟಿದ ಮೇಲೆಯೇ.

ಮೊದಲನೇ ದಿನ ಆ ಕೋಣೆಯಲ್ಲಿ ಹೇಳಿದ್ದನ್ನು ಈಗ ನಾನೇ ಬರೆಯುತ್ತೇನೆ. ಸಿಂಧನೂರಿನ ಈಚೆ ಕಾಲುವೆಯ ಸೇತುವೆ ಇದೆಯಲ್ಲ, ಅದು ಬಂದರೆ ಬಸ್ಸು ತಾನಾಗಿ ನೀರಿನ ಕಡೆ ಎಳೆಯುತ್ತದೆ ಅನಿಸುತ್ತದೆ. ಎಳೆಯುವುದಿಲ್ಲ. ಅದು ನನಗೂ ಗೊತ್ತು. ಆದರೆ ಕೈ ಬೆವರುತ್ತದೆ, ಉಸಿರು ಮೇಲೆಯೇ ನಿಲ್ಲುತ್ತದೆ. ಹಿಂದೆ ಐವತ್ತು ಮಂದಿ ಕುಳಿತಿರುತ್ತಾರೆ, ಮಕ್ಕಳು, ಬಸುರಿಯರು. ಇಪ್ಪತ್ತು ವರ್ಷದಲ್ಲಿ ಒಂದು ಗೀರು ಸಹ ಆಗಿಲ್ಲ. ಆದರೂ ದಿನಾ ಅವರೆಲ್ಲರನ್ನೂ ನಾನು ಮನಸ್ಸಿನಲ್ಲೇ ಮುಳುಗಿಸುತ್ತೇನೆ.

ಹುಲಿಗೇಶ ಸರ್ ಮಾಡಿಸಿದ ಅಭ್ಯಾಸ ಸುಳ್ಳಲ್ಲ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊ. ಏಳು ರವಿವಾರ ನಾನು ಅದೇ ಸೇತುವೆಯ ಮೇಲೆ ನಡೆದು ಹೋಗಿ ನಿಂತೆ. ಮೊದಲನೇ ರವಿವಾರ ಕಟ್ಟೆಯನ್ನು ಹಿಡಿದ ಕೈ ಬಿಡಲಿಲ್ಲ. ಏಳನೆಯದಕ್ಕೆ ಅಲ್ಲೇ ಕುಳಿತು ಶೇಂಗಾ ತಿಂದು ಸಿಪ್ಪೆಯನ್ನು ನೀರಿಗೆ ಒಗೆದೆ. ೨೦೧೭ರ ಆರಾಮ ಪೂರಾ ನಿಜ. ೨೦೧೯ರದು ಅರ್ಧ ನಿಜ. ಆಮೇಲೆ ೨೦೨೦ರಲ್ಲಿ, ಕೊರೋನಾದ ಮೊದಲನೇ ವರ್ಷ, ಬಸ್ಸುಗಳು ನಿಂತವು. ಮತ್ತೆ ಶುರುವಾದ ದಿನ ಸೇತುವೆ ಮೊದಲಿನ ಹಾಗೇ ಆಗಿತ್ತು. ಒಮ್ಮೆ ಹೋದದ್ದು ತಿರುಗಿ ಬರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಬಂದಾಗ ನಾಚಿಕೆಯಾಯಿತು. ಲಸಿಕೆಯ ಸಾಲಿನಲ್ಲಿ ಕೈ ಎತ್ತಿದೆನಲ್ಲ, ಅದು ಸುಳ್ಳು.

ಅಲ್ಲಿಂದ ಈಚೆಗೆ ನನ್ನನ್ನು ದಾಟಿಸುತ್ತಿರುವವನು ಯಂಕೋಬ. ನಾನು ಅವನಿಗೆ ಏನೂ ಹೇಳಿಲ್ಲ. ಸೇತುವೆ ಬರುವ ಹೊತ್ತಿಗೆ ಎಲ್ಲಿದ್ದರೂ ಮುಂದೆ ಬಂದು, ಸ್ಟಾಪ್ ಇಲ್ಲದಿದ್ದರೂ, ‘ರೈಟ್, ರೈಟ್ ಪಾ’ ಎನ್ನುತ್ತಾನೆ. ಆ ಮಾತಿಗೆ ಉಸಿರು ಕೆಳಗೆ ಇಳಿಯುತ್ತದೆ. ಜನವರಿ ಮೂವತ್ತೊಂದಕ್ಕೆ ಅವನ ನಿವೃತ್ತಿ.

ಮುಂದೆ ಹೇಗೆ ಎಂದು ಗೊತ್ತಿಲ್ಲ. ಹುಲಿಗೇಶ ಸರ್ ಭೇಟಿಯಾದಾಗೆಲ್ಲ ಹೆಗಲು ತಟ್ಟಿ, ‘ಹೆಸರು ಹೇಳದಽ ನಿನ್ನ ಕಥಿ ಎಲ್ಲಾ ಕಡೆ ಹೇಳ್ತೀನಿ, ಸೇತುವಿ ಮ್ಯಾಲ ಶೇಂಗಾ ತಿಂದಾವ ಅಂತ’ ಎನ್ನುತ್ತಾರೆ. ಅವರ ಮುಂದೆ ಹೇಗೆ ಬಾಯಿ ಬಿಡಲಿ? ನನ್ನ ಹೆಸರು ಎಲ್ಲೂ ಬರಬಾರದು. ಓದಿ ಹರಿದುಹಾಕು.

ನಿನ್ನ ಅಣ್ಣ
ಜಬೀವುಲ್ಲಾ

ಲಿಂಗಸುಗೂರು
೨೪ ಡಿಸೆಂಬರ್ ೨೦೨೪

ಜಬೀವುಲ್ಲಾ ಭಾಯ್,

ಹರಿದಿಲ್ಲ, ಬೀಗ ಹಾಕಿ ಇಟ್ಟಿದ್ದೇನೆ. ಮೊದಲು ಒಂದು ಮಾತು: ಕೈ ನಿಲ್ಲದ ದಿನ ರಜೆ ಹಾಕಿ, ಸ್ಟೇರಿಂಗ್ ಹಿಡಿಯಬೇಡಿ.

ಈಗ ನಾನು ಜುಲೈನಿಂದ ಮುಚ್ಚಿಟ್ಟಿದ್ದನ್ನು ಹೇಳುತ್ತೇನೆ. ಎಂಟನೆಯ ವರ್ಷದಲ್ಲಿ ಗಾಬರಿ ಉಳಿದಿದೆ ಎಂದು ಬರೆದವರಿಗೆ ಮತ್ತೆ ಚಿಕಿತ್ಸೆಯ ಎಂಟು ಬೈಠಕ್ ಇವೆ. ಸಿಂಧನೂರಿನಲ್ಲಿ, ರವಿವಾರ, ಖರ್ಚಿಲ್ಲ. ಯಾವ ಡಿಪೋಗೂ ಕಾಗದ ಹೋಗುವುದಿಲ್ಲ. ಫಾರ್ಮ್ ಬರುವ ಮುಂಚೆ ಇದನ್ನು ಹೇಳಿದರೆ ಜನ ಬೈಠಕ್ಕಿನ ಆಸೆಗೆ ಅಂಕಿ ಏರಿಸುತ್ತಾರೆ ಎಂದು ಹೇಳದಂತೆ ನಿಯಮವಿದೆ. ನೀವು ಹದಿನಾರು ಸೊನ್ನೆ ಕಳಿಸಿದ ದಿನ ನಿಮ್ಮ ಹೆಸರು ಆ ಬಾಗಿಲಿನ ಹೊರಗೆ ಬಿತ್ತು. ನಾನು ನೋಡುತ್ತ ಸುಮ್ಮನಿರಬೇಕಾಯಿತು.

ಈಗಲೂ ದಾರಿಯಿದೆ. ಹೊಸ ಫಾರ್ಮ್ ಕಳಿಸಿದ್ದೇನೆ. ಜನವರಿ ೩೧ರ ಒಳಗೆ ತುಂಬಬೇಕು. ಆದರೆ ಹಳೆಯ ಮೂರು ಫಾರ್ಮುಗಳು ‘ಗುಣವಾಗಿದೆ’ ಎನ್ನುತ್ತಿರುವಾಗ ಇದನ್ನು ಒಪ್ಪುವುದಿಲ್ಲ. ಅವನ್ನು ಬರೆದವರೇ ಹೊಡೆದುಹಾಕಿ ಸಹಿ ಮಾಡಬೇಕು. ಅಂದರೆ ನಂಬರ್ ನಲವತ್ತೇಳು ಯಾರು, ಈಗ ಹೇಗಿದ್ದಾರೆ ಎಂದು ಹುಲಿಗೇಶ ಸರ್‌ಗೆ ತಿಳಿಯುತ್ತದೆ. ನೀವು ಹ್ಞೂಂ ಎನ್ನದೆ ನಾನು ಅವರಿಗೆ ಹೇಳುವುದಿಲ್ಲ.

ಯಶೋಧರಾ

ಮಸ್ಕಿ
೬ ಜನವರಿ ೨೦೨೫

ಮೇಡಂ,

ಬೇಡ.

ಎಲ್ಲ ಮೊದಲೇ ಗೊತ್ತಿದ್ದೂ ಐದು ತಿಂಗಳು ಹೇಳಲಿಲ್ಲ. ನಿಮ್ಮ ಮೇಲೆ ನಾನು ಪಟ್ಟ ಅನುಮಾನ ಪೂರಾ ಸುಳ್ಳಾಗಿರಲಿಲ್ಲ. ಅವರ ಮುಂದೆ ನನ್ನನ್ನು ನಿಲ್ಲಿಸಬೇಡಿ. ನಾನು ಆರಾಮ ಇದ್ದೇನೆ.

ಜಬೀವುಲ್ಲಾ

ಲಿಂಗಸುಗೂರು
೧೪ ಜನವರಿ ೨೦೨೫

ಜಬೀವುಲ್ಲಾ ಭಾಯ್,

ಆಗಲಿ. ಆ ಐದು ತಿಂಗಳ ಬಗ್ಗೆ ನೀವು ಹೇಳಿದ್ದು ಸರಿ.

ಯಾರ ನಂಬರನ್ನೂ ಹೇಳದೆ, ಹತ್ತೊಂಬತ್ತು ಫಾರ್ಮುಗಳ ವಿಷಯ ಮಾತ್ರ ಸರ್ ಮುಂದೆ ಇಟ್ಟೆ. ‘ಅವರು ಆರಾಮ ಅಂದ್ರು, ನಾ ಬರದೆ. ಇದರಾಗ ಕಳ್ಳತನ ಏನೈತಿ?’ ಎಂದರು. ಆಮೇಲೆ, ‘ನನ್ನ ಮಂದಿ ನನಗ ಸುಳ್ಳು ಹೇಳಂಗಿಲ್ಲ’ ಎಂದರು. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಫಾರ್ಮ್ ನಿಮ್ಮ ಹತ್ತಿರವೇ ಇರಲಿ.

ನಾನು ಇಲ್ಲಿ ಆರಾಮ ಇದ್ದೇನೆ. ಯಂಕೋಬ ಅವರಿಗೆ ನನ್ನ ನಮಸ್ಕಾರ ಹೇಳಿ. ಜೈಭೀಮ್.

ಯಶೋಧರಾ

ಮಸ್ಕಿ
೨ ಫೆಬ್ರವರಿ ೨೦೨೫

ತಂಗಿ ಯಶೋಧರಾಗೆ ಸಲಾಮ್.

ಮೊನ್ನೆ ಶುಕ್ರವಾರ ಯಂಕೋಬನ ಕಡೆಯ ಟ್ರಿಪ್. ಲಿಂಗಸುಗೂರಿನಲ್ಲೇ ಅವನಿಗೆ ಹಾರ ಹಾಕಿದ್ದರು. ಮಸ್ಕಿಯಲ್ಲಿ ಜಂಗ್ಲಿಸಾಬರು ಒಂದು ಹಳೆಯ ಕೈಗಡಿಯಾರ ಕೊಟ್ಟರು, ದಿನಕ್ಕೆ ಹತ್ತು ನಿಮಿಷ ಹಿಂದೆ ಓಡುತ್ತದಂತೆ. ಪ್ರಯಾಣಿಕರೆಲ್ಲ ಅವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಪೇಢೆ ತಿನ್ನಿಸುತ್ತಿದ್ದರು. ನಿನ್ನ ಕೆಂಪು ಪೆನ್ನಿನ ಟೀಚರ್ ಸಹ ಪೆನ್ನು ಮುಚ್ಚಿಟ್ಟು ಪೇಢೆ ಹಂಚುತ್ತಿದ್ದಳು.

ಬಸ್ಸು ಹೊರಡುವಾಗ ಮುಂದಿನ ಬಾಗಿಲಿನಿಂದ ಹುಲಿಗೇಶ ಸರ್ ಹತ್ತಿದರು. ಕೈಯಲ್ಲಿ ಡೈರಿ. ನನ್ನ ಹೆಗಲು ತಟ್ಟಿ ಎಂದಿನ ಹಾಗೆ ಕೇಳಿದರು.

‘ಏನ್ ಜಬೀವುಲ್ಲಾ, ಆರಾಮೇನು?’

ತಂಗಿ, ಆ ಮಾತು ಬಾಯಿಗೆ ಬಂದೇಬಿಟ್ಟಿತ್ತು. ಹುಟ್ಟಿದಾಗಿನಿಂದ ಹೇಳುತ್ತ ಬಂದ ಮಾತು, ಅದಕ್ಕೆ ನನ್ನ ಅಪ್ಪಣೆ ಬೇಕಾಗಿಲ್ಲ. ಆದರೆ ನಾನು ಅವರ ಕೈಯನ್ನು ನೋಡಿದೆ. ಉತ್ತರ ಬರುವ ಮುಂಚೆಯೇ ಹೆಬ್ಬೆರಳು ಪೆನ್ನಿನ ತಲೆಯ ಮೇಲಿತ್ತು.

‘ಇಲ್ರಿ ಸರ’ ಎಂದೆ.

ಅವರಿಗೆ ಕೇಳಿಸಿತು, ಆದರೂ ಕೇಳಿಸಲಿಲ್ಲ. ‘ಹಾಂ, ಛಲೋ ಆತು’ ಎಂದರು. ಆಮೇಲೆ ನಿಂತು, ‘ಏನಂದಿ?’ ಎಂದರು.

‘ಆರಾಮ ಇಲ್ರಿ. ನಾಕು ವರ್ಷದ ಮ್ಯಾಲಾತು. ಸೇತುವಿ ತಿರುಗಿ ಬಂದೈತ್ರಿ.’

ಹಿಂದಿನ ಎರಡು ಸಾಲಿನವರು ಮುಂದಕ್ಕೆ ಬಾಗಿದರು. ಯಾರೋ ಮುದುಕಿ, ‘ಆರಾಮ ಇಲ್ಲಂದ್ರ ಯಾಕ ಬಂದ್ಯಪ್ಪ ಡ್ಯೂಟಿಗೆ?’ ಎಂದಳು. ಡಿಪೋಗೆ ಗೊತ್ತಾಗಬಾರದೆಂದು ಎಷ್ಟೆಲ್ಲ ಮಾಡಿದೆ, ಈಗ ಬಸ್ಸಿಗೇ ಗೊತ್ತಾಯಿತು. ಸರ್ ಮುಖದ ಬಣ್ಣ ಹೋಯಿತು. ಪೆನ್ನನ್ನು ಕಿಸೆಗೆ ಹಾಕಿ, ನನ್ನ ಪಕ್ಕದ ಇಂಜಿನ್ನಿನ ಮುಚ್ಚಳದ ಮೇಲೆ ಕುಳಿತರು. ಅದು ಸುಡುತ್ತದೆ, ಯಾರೂ ಕುಳಿತುಕೊಳ್ಳುವುದಿಲ್ಲ. ಸಿಂಧನೂರಿನ ತನಕ ಏಳಲಿಲ್ಲ.

ಸೇತುವೆ ಬಂತು. ಯಂಕೋಬ ಹಿಂದೆ ಪೇಢೆ ತಿನ್ನುತ್ತಿದ್ದ, ಮರೆತ. ರೈಟ್ ಎನ್ನಲು ಯಾರೂ ಇರಲಿಲ್ಲ. ಸರ್ ನನ್ನ ಕೈಯನ್ನೇ ನೋಡುತ್ತಿದ್ದರು. ಕೈ ಬೆವರಿತು, ಉಸಿರು ಮೇಲೆ ನಿಂತಿತು. ಆದರೆ ಮುಚ್ಚಿಡುವ ಕೆಲಸ ಇರಲಿಲ್ಲ. ಎರಡನೇ ಗೇರಿನಲ್ಲಿ ನಿಧಾನವಾಗಿ ಒಯ್ದೆ. ಆಚೆ ದಂಡೆ ಬಂತು.

ಸಿಂಧನೂರಿನಲ್ಲಿ ಎಲ್ಲರೂ ಇಳಿದ ಮೇಲೂ ಅವರು ಕುಳಿತೇ ಇದ್ದರು. ‘ಆ ಹುಡುಗಿ ಹೇಳಿದ ಹತ್ತೊಂಬತ್ತು ಮಂದ್ಯಾಗ ನೀನೂ ಒಬ್ಬನೇನು?’ ಎಂದರು. ಹೌದು ಎಂದೆ. ‘ನಾ ಕೇಳಿದಾಗ ಯಾಕ ಹೇಳಲಿಲ್ಲ?’

‘ನೀವು ಕೇಳಿರಲಿಲ್ರಿ ಸರ. ಮಾತಾಡ್ಸಿದ್ರಿ.’

ಅವರ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ಯಾಕೆ ಮುಚ್ಚಿಡಲಿ. ಕಿಸೆಯಲ್ಲಿ ಮಡಚಿಟ್ಟುಕೊಂಡಿದ್ದ ನಿನ್ನ ಫಾರ್ಮ್ ತೆಗೆದೆ. ಯಾಕೆ ದಿನಾ ಒಯ್ಯುತ್ತಿದ್ದೆನೋ ಗೊತ್ತಿಲ್ಲ. ಖಾಲಿ ಬಸ್ಸಿನಲ್ಲಿ ಅವರು ಹದಿನಾರೂ ಪ್ರಶ್ನೆ ಒಂದೊಂದಾಗಿ ಓದಿದರು, ನಾನು ಹೇಳಿದೆ, ಅವರು ಕಾದರು. ಐವತ್ತು ನಿಮಿಷ ಹಿಡಿಯಿತು. ಮುಂದಿನ ಟ್ರಿಪ್ಪಿಗೆ ರಜೆ ಬರೆದುಕೊಟ್ಟೆ, ಬೇರೆಯವರು ಒಯ್ದರು. ಹಳೆಯ ಮೂರಕ್ಕೆ ಅಡ್ಡಗೀಟು ಹಾಕುತ್ತೇನೆಂದು ಅವರು ಬೇರೆ ಕಾಗದದ ಮೇಲೆ ಬರೆದು ಸಹಿ ಮಾಡಿದ್ದಾರೆ. ಉಳಿದ ಹದಿನೆಂಟು ಮಂದಿಯ ಮನೆಗೆ ತಾವೇ ಹೋಗುತ್ತಾರಂತೆ. ನಿನಗೆ ಹೇಗೆ ಮುಖ ತೋರಿಸಲಿ ಎಂದು ನನ್ನನ್ನು ಕೇಳಿದರು. ಮುದಗಲ್ ಬಸ್ಸಿನ ವೇಳೆ ಹೇಳಿದೆ.

ಎರಡೂ ಈ ಕವರಿನಲ್ಲಿವೆ. ತಾರೀಕು ಮೂವತ್ತೊಂದೇ ಇದೆ. ಬೈಠಕ್ ಸಿಗುತ್ತದೋ ಇಲ್ಲವೋ ನಿಮ್ಮವರು ಹೇಳಲಿ. ಸಿಗದಿದ್ದರೂ ಮುಂದಿನ ರವಿವಾರ ಸೇತುವೆಗೆ ನಡೆದು ಹೋಗುವುದೆಂದು ಆಗಿದೆ. ಅತೀಯಾ ಬರುತ್ತಾಳಂತೆ, ಅದರ ಕೂಡ ಜಗಳ ಮಾಡಲು. ಡಿಪೋದಿಂದ ಇನ್ನೂ ಕರೆ ಬಂದಿಲ್ಲ. ಬಂದರೆ ಗೇಟಿನಲ್ಲಿ ಕುಳಿತು ನಂಬರ್ ಬರೆಯುತ್ತೇನೆ, ಅಕ್ಷರ ನನ್ನದೂ ಚಂದವೇ.

ಇನ್ನೊಂದು. ಗುರುಗಳು ಮಾತು ಬಿಟ್ಟಿದ್ದಾರೆ ಎಂದು ಬರೆದ ಕಾಗದದಲ್ಲೇ ಕೆಳಗೆ, ‘ನಾನು ಇಲ್ಲಿ ಆರಾಮ ಇದ್ದೇನೆ’ ಎಂದು ಬರೆದಿದ್ದೀ. ನನಗೆ ಅನುಮಾನ.

ನೀನು ಹೇಗಿದ್ದೀ ತಂಗಿ? ಎರಡು ಪುಟವಾದರೂ ಅಡ್ಡಿಯಿಲ್ಲ, ಕುಳಿತು ಓದುತ್ತೇನೆ. ಆರಾಮ ಎಂದು ಮಾತ್ರ ಬರೆಯಬೇಡ.

ನಿನ್ನ ಅಣ್ಣ
ಜಬೀವುಲ್ಲಾ